ಕುಲಾವಿ ಪುರಾಣ

ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯ ಹೆಂಗಸರ ಕೈಗೆ ಕಡ್ಡಿ ಬರುತ್ತದೆ. ಉಲ್ಲನ್ ಉಂಡೆ ಸೋಫಾದಡಿ ಉರುಳುತ್ತದೆ, ಗಂಡಂದಿರ ಕಾಫಿ ಆರುತ್ತದೆ. "ಸುಮ್ನಿರ್ರೀ, ಲೆಕ್ಕ ತಪ್ಪುತ್ತೆ" ಎಂಬ ಗದರಿಕೆಗೆ ಯಾರೂ ಎದುರಾಡುವುದಿಲ್ಲ. ಆಡಿದರೆ ಉಲ್ಲನ್ ಲಡಿ ಹಿಡಿದು ಎರಡೂ ಕೈ ಚಾಚಿ ಕೂರಬೇಕಾದೀತು. ಇಷ್ಟೆಲ್ಲ ಗಲಾಟೆ ಸರ್ಕಾರಿ ಆಸ್ಪತ್ರೆಯ ಕೂಸುಗಳ ಕುಲಾವಿಗಾಗಿ.

ಬೆಂಗಳೂರಿನ ಚಳಿ ಏನು ಮಹಾ ಎನ್ನಬೇಡಿ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಅದಿರಲಿ, ಆಗತಾನೇ ಹುಟ್ಟಿದ ಕೂಸಿಗೆ ಫ್ಯಾನಿನ ಗಾಳಿಯೂ ಹಿಮಾಲಯವೇ. ಅದರ ಉದ್ದದಲ್ಲಿ ಕಾಲು ಭಾಗ ತಲೆ. ಮೈಯ ಶಾಖ ಅಲ್ಲಿಂದಲೇ ಬಹಳ ಸೋರುತ್ತದೆ. ತಿಂಗಳು ತುಂಬದೆ ಹುಟ್ಟಿದ್ದಾದರೆ ಚರ್ಮದಡಿ ಕೊಬ್ಬೂ ಕಮ್ಮಿ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಕಾಂಗರೂ ಆರೈಕೆಯಲ್ಲಿ ತಾಯಿಯ ಎದೆಗೆ ಅವಚಿಕೊಂಡ ಕೂಸಿನ ಉಡುಪೆಂದರೆ ಲಂಗೋಟಿ, ಕಾಲುಚೀಲ, ಟೋಪಿ ಅಷ್ಟೇ.

ಇನ್ನು, ಕ್ರೋಶಾದವರಿಗೂ ಎರಡು ಕಡ್ಡಿಯವರಿಗೂ ಆಗಿಬರುವುದಿಲ್ಲ. ಒಂದೇ ಕೊಕ್ಕೆಯಲ್ಲಿ ಸಂಜೆಯೊಳಗೆ ಮುಗಿಸ್ತೀವಿ ಎಂದು ಇವರು. ನಿಮ್ಮದು ದಪ್ಪ, ನಮ್ಮದು ಎಳೆದಷ್ಟೂ ಹಿಗ್ಗುತ್ತೆ ಎಂದು ಅವರು. ಕೂಸು ಮಾತ್ರ ಎರಡನ್ನೂ ಒದ್ದೆ ಮಾಡಿ ಸಮಾನತೆ ಸಾರುತ್ತದೆ. ನನ್ನನ್ನು ಕೇಳಿದರೆ, ಹಿಗ್ಗುವ ಕಡ್ಡಿ ಹೆಣಿಗೆಗೇ ನನ್ನ ಓಟು.

ಹೆಣೆಯುವ ಅಕ್ಕಂದಿರೇ, ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಮಾತ್ರ, ಮೊಮ್ಮಗನ ತಲೆ ಅಳೆದು ಹೆಣೆಯಬೇಡಿ. ಮಣಿ, ಗುಂಡಿ, ಲಾಡಿ ಯಾವುದೂ ಬೇಡ. ನೂಲು ಮೆತ್ತಗಿರಲಿ, ಒಗೆದು ಕೊಡಿ.