ಅಂಗವಿಕಲರ ಮಾಸಾಶನದ ಲೆಕ್ಕ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,

ತಮ್ಮ ಇಲಾಖೆ ಕೊಡುವ ಅಂಗವಿಕಲರ ಮಾಸಾಶನದ ಲೆಕ್ಕವನ್ನು ತಾವೇ ಒಮ್ಮೆ ಕೂತು ಮಾಡಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಒಂದು ಅಳತೆ ಹಾಕಿಕೊಟ್ಟಿದೆ. ಇತರರಿಗಿರುವ ಅದೇ ಬಗೆಯ ಯೋಜನೆಯಲ್ಲಿ ಸರ್ಕಾರ ಎಷ್ಟು ಕೊಡುತ್ತದೋ, ಅದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚು ಅಂಗವಿಕಲರಿಗೆ ಸಲ್ಲಬೇಕು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಾಲ್ಕು ವರ್ಷ ಕಳೆದು, 2021ರ ಜುಲೈನಲ್ಲಿ, ಆಗಿನ ರಾಜ್ಯ ಸರ್ಕಾರ ಮಾಸಾಶನಗಳನ್ನು ಹೆಚ್ಚಿಸಿತು. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1,000 ರೂಪಾಯಿಯಿಂದ 1,200ಕ್ಕೆ ಏರಿತು. ಶೇ 40ಕ್ಕೆ ಮೇಲ್ಪಟ್ಟು ಶೇ 75ರ ಗೆರೆ ದಾಟದ ಅಂಗವಿಕಲರದು 600ರಿಂದ 800ಕ್ಕೆ ಏರಿತು. ಆ ಗೆರೆ ದಾಟಿದವರಿಗೆ 1,400.

1,200ಕ್ಕೆ ಶೇ 25 ಸೇರಿಸಿದರೆ 1,500 ಆಗುತ್ತದೆ. ತೀವ್ರ ಅಂಗವೈಕಲ್ಯ ಇರುವವರಿಗೂ ಅದು ಸಿಕ್ಕಲಿಲ್ಲ. ಬೌದ್ಧಿಕ ಅಂಗವೈಕಲ್ಯಕ್ಕೆ ಕೊಡುವ 2,000 ರೂಪಾಯಿ ಮಾತ್ರ ಕಾಯ್ದೆಯ ಅಳತೆಗೆ ನಿಲ್ಲುತ್ತದೆ. 800 ಪಡೆಯುವವರ ಸ್ಥಿತಿಯಂತೂ ಪೂರ್ತಿ ತಿರುವುಮುರುವು: ಹೆಚ್ಚು ಸಿಗಬೇಕಾದವರಿಗೆ ಮೂರನೇ ಒಂದು ಭಾಗ ಕಡಿಮೆ. ಒಂದು ಕಾಲು ಸ್ವಾಧೀನವಿಲ್ಲದ ಹೆಂಗಸಿಗೆ 64ರ ವಯಸ್ಸಿನಲ್ಲಿ 800. 65 ತುಂಬಿ ಸಂಧ್ಯಾ ಸುರಕ್ಷಾಗೆ ಅರ್ಜಿ ಹಾಕಿದರೆ 1,200. ವಯಸ್ಸಿಗೆ ಸಿಗುವ ಬೆಲೆ ಆಕೆಯ ಕಾಲಿಗೆ ಸಿಗುವುದಿಲ್ಲ. ಎರಡೂ ಕಷ್ಟ ಒಟ್ಟಿಗಿದ್ದರೂ ಮಾಸಾಶನ ಒಂದೇ.

ಕೇಂದ್ರದ ಲೆಕ್ಕವೂ ಇದಕ್ಕಿಂತ ಚೆಂದವಿಲ್ಲ. ವಿಧವಾ ವೇತನಕ್ಕೆ ಅದರ ಪಾಲು 300, ಅಂಗವಿಕಲರ ವೇತನಕ್ಕೂ 300, ಅದೂ ಶೇ 80ರಷ್ಟು ಅಂಗವೈಕಲ್ಯ ಇದ್ದವರಿಗೆ ಮಾತ್ರ. 2012ರಿಂದ ಆ ಮೊತ್ತ ಕದಲಿಲ್ಲ.

ಈ ಶೇ 25ರ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ವೃದ್ಧಾಪ್ಯದ ಯೋಜನೆಯೇ ಬೇರೆ, ಅಂಗವಿಕಲರದ್ದೇ ಬೇರೆ ಎಂದು ಯಾರಾದರೂ ತಮಗೆ ಸಲಹೆ ಕೊಟ್ಟಾರು. ಒಪ್ಪಬೇಡಿ. ಎರಡನ್ನೂ ಕೊಡುವುದು ತಮ್ಮದೇ ಇಲಾಖೆ, ಅರ್ಜಿ ಹೋಗುವುದು ಅದೇ ನಾಡಕಚೇರಿಗೆ, ಎರಡೂ ದುಡಿಮೆಯಿಲ್ಲದ ಬಡವರ ತಿಂಗಳ ಖರ್ಚಿಗೆ. ಸರ್ಕಾರದ ಆರ್ಥಿಕ ಮಿತಿಯೊಳಗೆ ಎಂಬ ಮಾತು ಅದೇ ಕಲಮಿನಲ್ಲಿದೆ, ನಿಜ. ಆದರೆ ವೃದ್ಧರಿಗೆ 1,200 ಕೊಡುವ ಶಕ್ತಿ ಇದೆ ಎಂದು ಸರ್ಕಾರವೇ ಒಪ್ಪಿದ ಮೇಲೆ, ಅಂಗವಿಕಲರಿಗೆ 800ಕ್ಕೆ ನಿಲ್ಲಲು ಆ ಮಾತು ಆಸರೆಯಾಗದು. ಪಕ್ಕದ ಆಂಧ್ರವನ್ನೇ ನೋಡಿ: 2024ರ ಜುಲೈನಿಂದ ವೃದ್ಧರಿಗೆ 4,000, ಅಂಗವಿಕಲರಿಗೆ 6,000.

ಆ ಹೆಚ್ಚುವರಿ ಕಾಲುಪಾಲು ಬಹುಮಾನವಲ್ಲ ಸ್ವಾಮಿ. ಬಸ್ಸಿನ ಮೆಟ್ಟಿಲು ಹತ್ತಲಾಗದವರು ಆಸ್ಪತ್ರೆಗೆ ಆಟೋದಲ್ಲೇ ಹೋಗಬೇಕು. ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಹಾಸಿಗೆ ಹಿಡಿದವರ ಡೈಪರಿನ ಖರ್ಚು ಅಕ್ಕಿಬೇಳೆಯ ಖರ್ಚನ್ನೂ ಮೀರಬಹುದು. ಬೇರೆಯವರಿಗಿಲ್ಲದ ಈ ಖರ್ಚುಗಳನ್ನು ಗುರುತಿಸಿಯೇ ಸಂಸತ್ತು ಆ ಅಳತೆ ಬರೆದದ್ದು.

ಕೋರ್ಟಿನ ತೀರ್ಪಿಗೆ ಕಾಯಬೇಡಿ. ಶೇ 40 ಮೀರಿದ ಪ್ರತಿಯೊಬ್ಬ ಅಂಗವಿಕಲರಿಗೂ ಸಂಧ್ಯಾ ಸುರಕ್ಷಾಕ್ಕಿಂತ ಕಾಲುಪಾಲು ಹೆಚ್ಚು ಎಂದು ಆದೇಶ ಹೊರಡಿಸಿ. ಮುಂದೆ ಸಂಧ್ಯಾ ಸುರಕ್ಷಾ ಏರಿದಾಗಲೆಲ್ಲ ಇದೂ ತಾನಾಗಿ ಏರುವಂತೆ ಅದೇ ಆದೇಶದಲ್ಲಿ ಬರೆಸಿ.

ಇಂತಿ,
ಕರ್ನಾಟಕದ ಒಬ್ಬ ಪ್ರಜೆ