ಶೇಕಡಾ 20ರ ಸಂಪೂರ್ಣ ಹಕ್ಕು

148 ಕಿಲೋಮೀಟರ್ ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದಾಗ, ವೆಚ್ಚದ ಶೇಕಡಾ 20ನ್ನು ಕೇಂದ್ರವೂ ಅಷ್ಟನ್ನೇ ರಾಜ್ಯವೂ ಭರಿಸಿ ಉಳಿದ 60ನ್ನು ಸಾಲವಾಗಿ ಎತ್ತಬೇಕೆಂದು ನಿಗದಿಯಾಯಿತು. ಈ ಹಂಚಿಕೆಯ ಗೂಢಾರ್ಥವನ್ನು ಎರಡು ಪಕ್ಷಗಳ ವಕ್ತಾರರು ಫ್ಲೆಕ್ಸ್ ಕಟ್ಟುವ ಕಂಬದಡಿ ಚರ್ಚಿಸುತ್ತಿದ್ದರು.

“ಇದು ಸಂಪೂರ್ಣವಾಗಿ ನಮ್ಮ ನಾಯಕರ ಕೊಡುಗೆಯೆಂಬುದನ್ನು ತಾವು ಒಪ್ಪಲೇಬೇಕು” ಎಂದರು ಕೇಂದ್ರದ ಪಕ್ಷದವರು.

“ಒಪ್ಪೋಣ, ಆದರೆ ನಮ್ಮ ನಾಯಕರ ಭಾವಚಿತ್ರ ಒಂದಡಿ ದೊಡ್ಡದಿರತಕ್ಕದ್ದು” ಎಂದರು ರಾಜ್ಯದವರು.

ಕಂಬವೇರಿ ಹಗ್ಗ ಬಿಗಿಯುತ್ತಿದ್ದ ಹುಡುಗ, “2022ರಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳೆಂದಿದ್ದರಲ್ಲ ಸಾರ್, ವಿಳಂಬ ಯಾರದು?” ಎಂದು ಕೇಳಿದ.

“ಅವರದು” ಎಂದು ಇಬ್ಬರೂ ಪರಸ್ಪರ ಬೆರಳು ತೋರಿದರು. ಅಂದಿನ ಚರ್ಚೆಯಲ್ಲಿ ಮೂಡಿದ ಏಕೈಕ ಒಮ್ಮತವದು.

“ಹಾಗಾದರೆ ಆ 60ರ ಸಾಲ?”

“ಅದು ಪಕ್ಷಾತೀತ ವಿಷಯವಪ್ಪ, ಅದಕ್ಕೆ ಭಾವಚಿತ್ರದ ಅಗತ್ಯವಿಲ್ಲ.”