ಮುಂಗಡ ಮಾವ

ಮೈಸೂರಿನ ಕುವೆಂಪುನಗರದ ನಮ್ಮ ಮಾವನಿಗೆ ಯಾರ ಹುಟ್ಟುಹಬ್ಬವೂ ನೆನಪಿರುವುದಿಲ್ಲ. ಆದರೆ ಅವರು ಶುಭಾಶಯ ಹೇಳದೆ ಬಿಟ್ಟ ಹುಟ್ಟುಹಬ್ಬ ನಮ್ಮ ಬಳಗದಲ್ಲಿ ಒಂದೂ ಇಲ್ಲ. ಎರಡೂ ನಿಜ. ಆಂಡ್ರಾಯ್ಡ್ ಫೋನಿನಲ್ಲಿ ಸೆಂಡ್ ಗುಂಡಿಯನ್ನು ಒತ್ತಿ ಬಿಡುವವರು ನಾವು. ಒತ್ತಿ ಹಿಡಿಯುವವರು ಮಾವ. ಹಿಡಿದರೆ ‘ನಾಳೆ ಬೆಳಿಗ್ಗೆ’ ಎಂಬಂಥ ಒಂದೆರಡು ಸಿದ್ಧ ಹೊತ್ತುಗಳು ಕಾಣುತ್ತವೆ, ಕೆಳಗೆ ದಿನ, ಗಂಟೆ ನೀವೇ ಆರಿಸಿ ಅಂತ ಇರುತ್ತದೆ. ಗೂಗಲ್ ಮೆಸೇಜಸ್‌ಗೆ ಈ ಸೌಕರ್ಯ ಬಂದದ್ದು 2021ರಲ್ಲಿ. ಆವತ್ತಿನಿಂದ ಮಾವನ ಪ್ರೀತಿ ವಿಶ್ವಾಸಗಳೆಲ್ಲ ಮುಂಗಡವಾಗಿಯೇ ಬುಕ್ ಆಗುತ್ತಿವೆ.

ಇಂಥವರು ನಿಮ್ಮ ಫೋನಿನಲ್ಲೂ ಒಬ್ಬರಾದರೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಇವರ ಶುಭಾಶಯ ಸರಿಯಾಗಿ 8:00ಕ್ಕೆ ಬರುತ್ತದೆ, ಇಲ್ಲವೇ ಸರಿಯಾಗಿ ನಡುರಾತ್ರಿ 12:00ಕ್ಕೆ. ಮನುಷ್ಯಮಾತ್ರದವರು 8:17ಕ್ಕೆ ಹಲ್ಲುಜ್ಜುತ್ತಾ ನೆನಪಿಸಿಕೊಳ್ಳುತ್ತಾರೆ, ಇಲ್ಲವೇ ರಾತ್ರಿ ಹನ್ನೊಂದೂಮುಕ್ಕಾಲಿಗೆ ‘ಅಯ್ಯೋ’ ಅಂತ ಎದ್ದು ಕೂರುತ್ತಾರೆ. ಗುಟ್ಟು ರಟ್ಟಾದೀತೆಂಬ ಅನುಮಾನ ಒಮ್ಮೆ ಮಾವನಿಗೂ ಬಂತು. ಸಹಜವಾಗಿ ಕಾಣಲಿ ಅಂತ ಹೊತ್ತು ಬದಲಾಯಿಸಿದರು. ಈಗ ಎಲ್ಲರಿಗೂ 8:03ಕ್ಕೆ ಬರುತ್ತದೆ.

ಮಾವ ಟೆಲಿಗ್ರಾಫ್ ಆಫೀಸಿನಲ್ಲಿದ್ದವರು. ಆ ಕೆಲಸದ ಗಾಳಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಶುಭಾಶಯದ ತಂತಿಗಳಿಗೆ ಇಲಾಖೆಯವರೇ ವಾಕ್ಯಗಳನ್ನು ಸಿದ್ಧಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿದ್ದರು. ದೀಪಾವಳಿಗೊಂದು, ಮದುವೆಗೊಂದು, ಮಗು ಹುಟ್ಟಿದ್ದಕ್ಕೊಂದು. ಕಳಿಸುವವರು ಫಾರಂ ಮೇಲೆ ಆ ಅಂಕಿ ಬರೆದರೆ ಮುಗಿಯಿತು. ಅಂಕಿಯೇ ತಂತಿಯ ಮೇಲೆ ಓಡಿ, ಆ ತುದಿಯಲ್ಲಿ ಹಾರೈಕೆಯಾಗಿ ಕೈಸೇರುತ್ತಿತ್ತು. ಜೀವಮಾನವಿಡೀ ಜನರ ಸಂತೋಷವನ್ನು ನಂಬರಿನಲ್ಲಿ ರವಾನಿಸಿದ ಮನುಷ್ಯನಿಗೆ, 2013ರ ಜುಲೈನಲ್ಲಿ ದೇಶದ ತಂತಿ ಸೇವೆಯೇ ನಿಂತುಹೋದಾಗ ಕೈ ಕಟ್ಟಿಹಾಕಿದಂತಾಗಿತ್ತು. ಮಾತಿಗೆ ಕೂತರೆ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಎಸ್ಸೆಮ್ಮೆಸ್ ಪ್ಯಾಕ್ ಹಾಕಿಸುತ್ತಿದ್ದ ಕಾಲದಲ್ಲಿ ಹೊಸವರ್ಷ, ದೀಪಾವಳಿಯ ದಿನ ಪ್ಯಾಕಿನ ರಿಯಾಯಿತಿ ನಡೆಯುತ್ತಿರಲಿಲ್ಲ. ಒಂದೊಂದಕ್ಕೂ ಪೂರ್ತಿ ದರ. ಅದಕ್ಕೇ ಮೂವತ್ತನೇ ತಾರೀಖಿಗೇ ‘ಅಡ್ವಾನ್ಸ್ ಹ್ಯಾಪಿ ನ್ಯೂ ಇಯರ್’ ಹೊರಡುತ್ತಿತ್ತು. 2011ರಲ್ಲಿ ಟ್ರಾಯ್‌ನವರು ಜಾಹೀರಾತಿನ ಕಾಟ ತಡೆಯಲು ಒಂದು ಸಿಮ್ಮಿಗೆ ದಿನಕ್ಕೆ ನೂರೇ ಎಸ್ಸೆಮ್ಮೆಸ್ ಎಂದು ಕಟ್ಟು ಹಾಕಿದಾಗ (ಬೇಗನೆ ಇನ್ನೂರು ಮಾಡಿದರು) ಮಾವ ಅದನ್ನು ತಮ್ಮೊಬ್ಬರ ಮೇಲೇ ಹೊರಡಿಸಿದ ಆಜ್ಞೆ ಎಂದು ತಿಳಿದು ವಾರಗಟ್ಟಲೆ ಮುನಿದಿದ್ದರು.

ಮುಂಗಡ ಯಾಕೆ ಮಾವ, ಆ ದಿನ ಕಳಿಸಿದರೆ ಆಗದೇ ಅಂದರೆ ಅವರ ಬಳಿ ಶಾಸ್ತ್ರಾಧಾರ ಇದೆ. ‘ಲೋಕದ ಮೊದಲನೇ ಎಸ್ಸೆಮ್ಮೆಸ್ಸೇ ಅಡ್ವಾನ್ಸು ಕಣೋ!’ ಮಾತು ಸುಳ್ಳಲ್ಲ. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ಇಂಗ್ಲೆಂಡಿನಲ್ಲಿ ಕಂಪ್ಯೂಟರಿನಿಂದ ಒಂದು ಫೋನಿಗೆ ‘ಮೆರ್ರಿ ಕ್ರಿಸ್ಮಸ್’ ಎಂದು ಕಳಿಸಿದ್ದು 1992ರ ಡಿಸೆಂಬರ್ 3ರಂದು. ಹಬ್ಬಕ್ಕೆ ಇನ್ನೂ ಇಪ್ಪತ್ತೆರಡು ದಿನ ಇತ್ತು. ಆ ಪುಣ್ಯಾತ್ಮನ ಫೋಟೊ ಸಿಕ್ಕಿದ್ದರೆ ಮಾವ ದೇವರ ಮನೆಯಲ್ಲಿಡುತ್ತಿದ್ದರು.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವರ ಕಾರ್ಯಾಲಯ ತೆರೆಯುತ್ತದೆ. ಊಟದ ಮೇಜು ಒರೆಸಿ, ಒಂದು ಕಡೆ ಒಂಟಿಕೊಪ್ಪಲ್ ಪಂಚಾಂಗ, ಇನ್ನೊಂದು ಕಡೆ ಹಳೇ ಎಲ್ಐಸಿ ಡೈರಿ, ನಡುವೆ ಸ್ಟೀಲ್ ಲೋಟಕ್ಕೆ ಒರಗಿಸಿದ ಫೋನು. ಟೈಪು ಮಾಡುವುದು ಬಲಗೈ ತೋರುಬೆರಳೊಂದೇ. ಉಳಿದ ನಾಲ್ಕು ಅದಕ್ಕೆ ದಾರಿ ಬಿಟ್ಟು ಮೇಲೆ ನಿಂತಿರುತ್ತವೆ. ಒಂದು ಮೆಸೇಜು ಮುಗಿದೊಡನೆ ಸೆಂಡ್ ಗುಂಡಿ ಒತ್ತಿ ಹಿಡಿದು, ಉಸಿರನ್ನೂ ಹಿಡಿದು, ತಾರೀಖು ಆರಿಸುತ್ತಾರೆ. ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಮೂಡಿತೋ, ಡೈರಿಯಲ್ಲಿ ಆ ಹೆಸರಿನ ಮುಂದೆ ಕೆಂಪು ಪೆನ್ನಿನ ಟಿಕ್ಕು. ಅಲ್ಲಿಗೆ ಆ ವ್ಯಕ್ತಿಯ ಮಟ್ಟಿಗೆ ಈ ವರ್ಷದ ವಾತ್ಸಲ್ಯ ಸಂದಾಯವಾಯಿತು.

ಈ ವಾತ್ಸಲ್ಯಕ್ಕೆ ದರ್ಜೆಗಳುಂಟು. ಕಾರಣ ತಾಂತ್ರಿಕವೆಂದು ಮಾವ ಹೇಳುತ್ತಾರೆ. ಇಂಗ್ಲಿಷ್ ಆದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ ಬರೀ 70. ಅದರಲ್ಲೂ ಒತ್ತು, ದೀರ್ಘ, ಕೊಂಬು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ನಾವು ಎರಡೇ ಅಕ್ಷರವೆಂದುಕೊಂಡ ‘ಲಕ್ಷ್ಮೀ’ ಫೋನಿನ ಲೆಕ್ಕದಲ್ಲಿ ಏಳು. ‘ಬೇವು ಬೆಲ್ಲ’ದಿಂದ ಹೊರಟು ‘ಅಷ್ಟೈಶ್ವರ್ಯ’ದಲ್ಲಿ ನಿಲ್ಲುವ ಮಾವನ ಯುಗಾದಿ ಶುಭಾಶಯ ನಾಲ್ಕು ಎಸ್ಸೆಮ್ಮೆಸ್ಸಾಗಿ ಒಡೆಯುತ್ತದೆ. ಅವರ ಪ್ಲಾನಿನಲ್ಲಿ ದಿನಕ್ಕೆ ನೂರು. ಅಂದರೆ ಅಷ್ಟೈಶ್ವರ್ಯ ಸಿಗುವುದು ಇಪ್ಪತ್ತೈದು ಮನೆಗೆ ಮಾತ್ರ. ಹಾಗಾಗಿ ಒಡಹುಟ್ಟಿದವರಿಗೆ, ಅಳಿಯ ಸೊಸೆಯರಿಗೆ ಪೂರ್ತಿ ಕನ್ನಡ. ಎರಡನೇ ಸುತ್ತಿನ ನೆಂಟರಿಗೆ ಒಂದೇ ಸಾಲು. ಮೂರನೇ ಸುತ್ತಿಗೆ ‘ಹ್ಯಾಪಿ ಯುಗಾದಿ’. ಒಮ್ಮೆ ನಂಜನಗೂಡಿನ ಷಡ್ಡಕರ ಜೊತೆ ಸೈಟಿನ ವಿಷಯಕ್ಕೆ ಮನಸ್ತಾಪವಾಯಿತು. ಆ ವರ್ಷ ಅವರಿಗೆ ಇಂಗ್ಲಿಷಿನಲ್ಲಿ ಹೋಯಿತು. ಅವರೂ ಅರ್ಥಮಾಡಿಕೊಂಡು ಬರೀ ಕೈಮುಗಿಯುವ ಚಿಹ್ನೆ ಕಳಿಸಿದರು.

ವಾಟ್ಸ್ಆ್ಯಪ್‌ನಲ್ಲಾದರೆ ಈ ಅಕ್ಷರದ ಜಿಪುಣತನ ಬೇಡವಲ್ಲ ಎಂದು ಮೊಮ್ಮಗ ಒಮ್ಮೆ ಸಲಹೆ ಕೊಟ್ಟ. ಆಗ ಅದರಲ್ಲಿ ಆಮೇಲೆ ಕಳಿಸುವ ಸೌಕರ್ಯ ಇರಲಿಲ್ಲ. ಹುಡುಗ ಬೇರೊಂದು ಆ್ಯಪ್ ಹಾಕಿಕೊಟ್ಟ. ಇಂಥ ಆ್ಯಪ್‌ಗಳು ಫೋನಿನಲ್ಲಿ ಆಕ್ಸೆಸಿಬಿಲಿಟಿ ಅನುಮತಿ ಕೇಳಿ ಪಡೆದು, ಹೊತ್ತಾದಾಗ ನಮ್ಮ ಬೆರಳಿನ ಬದಲು ತಾವೇ ಗುಂಡಿ ಒತ್ತುತ್ತವೆ. ಸ್ಕ್ರೀನ್ ಲಾಕ್ ಇದ್ದರೆ ಆಗದು ಎಂದು ಅದನ್ನೂ ತೆಗೆಸಿದ. ಆವತ್ತು ರಾತ್ರಿ ಹನ್ನೆರಡಕ್ಕೆ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಫೋನು ಧಗ್ಗನೆ ಬೆಳಗಿತು. ಅತ್ತೆ ಎಚ್ಚರವಾಗಿ ನೋಡುತ್ತಾರೆ, ವಾಟ್ಸ್ಆ್ಯಪ್ ತಂತಾನೇ ತೆರೆದುಕೊಂಡಿತು, ನಾದಿನಿಯ ಹೆಸರು ಬಂತು, ಅಕ್ಷರಗಳು ಮೂಡಿದವು, ಯಾರೂ ಮುಟ್ಟದೆ ಹೊರಟೂ ಹೋದವು.

‘ರೀ, ಏಳ್ರೀ! ನಿಮ್ಮ ಫೋನಿಗೆ ಏನೋ ಮೆಟ್ಕೊಂಡಿದೆ!’

‘ಏನಿಲ್ಲ ಕಣೇ, ನಾನೇ ವಿಶ್ ಮಾಡ್ತಾ ಇದ್ದೀನಿ.’

‘ನೀವು ಗೊರಕೆ ಹೊಡೀತಿದ್ರಲ್ರೀ!’

ಬೆಳಿಗ್ಗೆ ಆ್ಯಪ್ ಹೋಯಿತು. ಅತ್ತೆ ಫೋನಿಗೂ ವಿಭೂತಿ ಹಚ್ಚಿದರೆಂದು ಮೊಮ್ಮಗ ಹೇಳುತ್ತಾನೆ. ನಾನು ಕಂಡಿಲ್ಲ. ಯಾರೋ ನಮ್ಮ ಪರವಾಗಿ ಗುಂಡಿ ಒತ್ತಲಿ ಎಂದು ಫೋನಿನ ಬಾಗಿಲು ತೆರೆದಿಟ್ಟು ಮಲಗುವುದಕ್ಕಿಂತ ವಿಭೂತಿ ಹೆಚ್ಚು ಸುರಕ್ಷಿತ ಎಂಬುದು ಮಾತ್ರ ನನ್ನ ಅಭಿಪ್ರಾಯವೂ ಹೌದು.

ಈ ಜಾತಿಯಲ್ಲಿ ಒಳಪಂಗಡಗಳು ಬಹಳ. ಸಂಜೆ ಆರಕ್ಕೇ ಬರೆದ ಮೇಲನ್ನು ರಾತ್ರಿ 11:47ಕ್ಕೆ ಹೋಗುವಂತಿಟ್ಟು ಮ್ಯಾನೇಜರ್ ಕಣ್ಣಿನಲ್ಲಿ ಕರ್ಮಯೋಗಿಯಾದ ಬೆಂಗಳೂರಿನ ಉದ್ಯೋಗಿ ಒಬ್ಬ. ಜಿಮೇಲ್‌ನಲ್ಲಿ 2019ರಿಂದ ಅದಕ್ಕೆ ಅನುಕೂಲವಿದೆ. ಹಾಸ್ಟೆಲಿನ ಹುಡುಗ ಇನ್ನೊಬ್ಬ. ದಿನಾ ರಾತ್ರಿ ಒಂಬತ್ತಕ್ಕೆ ‘ಊಟ ಆಯ್ತಮ್ಮ’ ಹೋಗುವಂತೆ ವಾರದ್ದನ್ನೆಲ್ಲ ಒಟ್ಟಿಗೇ ಇಟ್ಟು ಸಿನಿಮಾಕ್ಕೆ ಹೋಗುತ್ತಾನೆ. ಅಮ್ಮ ತಕ್ಷಣ ‘ಏನು ಸಾರು?’ ಎಂದು ಕೇಳುತ್ತಾಳೆ. ಅದಕ್ಕೆ ಹುಡುಗ ಮುಂಗಡ ಉತ್ತರ ಇಟ್ಟಿರುವುದಿಲ್ಲ.

ಮಾವ ಇಂಥ ಮೋಸಕ್ಕೆ ಇಳಿದವರಲ್ಲ. ಅವರ ತೊಂದರೆಗಳು ಖಗೋಳಕ್ಕೆ ಸಂಬಂಧಿಸಿದವು. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನನ್ನ ತಮ್ಮನ ಹುಟ್ಟುಹಬ್ಬ ನವೆಂಬರ್ ನಡುವಿನಲ್ಲಿ. ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ಅಂತರ ಎಂದು ಅಕ್ಟೋಬರಿನಲ್ಲೇ ಲೆಕ್ಕ ಹಾಕಿ, ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಇಟ್ಟರು. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆಂದು ಪಂಚಾಂಗದಲ್ಲಿ ಬರೆದಿರಲಿಲ್ಲ. ತಮ್ಮ ಉತ್ತರ ಬರೆದ: ‘ಮಾವ, ಇಲ್ಲಿನ್ನೂ ಹನ್ನೊಂದು. ಹುಟ್ಟೋಕೆ ಒಂದು ಗಂಟೆ ಇದೆ.’ ತಂತಿ ಇಲಾಖೆ ಇದ್ದಿದ್ದರೆ ಗಡಿಯಾರ ತಿರುಗಿಸುವ ಮುಂಚೆ ಸರ್ಕ್ಯುಲರ್ ಕಳಿಸುತ್ತಿದ್ದರು ಎಂದು ಮಾವ ಗೊಣಗಿದರು.

ಆದರೆ ಮಂಡ್ಯದ ಮದುವೆಯದು ಖಗೋಳದ ತಪ್ಪಲ್ಲ. ಅತ್ತೆಯ ಚಿಕ್ಕಪ್ಪನ ಮಗ ತನ್ನ ಮಗಳ ಮದುವೆಗೆ ಕರೆದಿದ್ದ. ಮಾವನಿಗೆ ಹೋಗುವ ಮನಸ್ಸಿರಲಿಲ್ಲ. ನಾಲ್ಕು ದಿನ ಮೊದಲೇ ಒಂದು ಮೆಸೇಜು ಬರೆದು ಮುಹೂರ್ತದ ಹೊತ್ತಿಗೆ ಹೋಗುವಂತಿಟ್ಟರು: ‘ಹೊರಡಲು ಸಿದ್ಧರಾಗಿದ್ದೆವು. ಅನಿರೀಕ್ಷಿತವಾಗಿ ಜ್ವರ ಬಂದು ಹಾಸಿಗೆ ಹಿಡಿದಿದ್ದೇನೆ. ವಧೂವರರಿಗೆ ಇಲ್ಲಿಂದಲೇ ಆಶೀರ್ವಾದ.’ ನಾಲ್ಕು ದಿನ ಮುಂಚಿತವಾಗಿ ಗೊತ್ತಾದ ಅನಿರೀಕ್ಷಿತ ಜ್ವರ! ಮದುವೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರ ಕಾರು ಅದೇ ಮದುವೆಗೆ ಹೊರಟಿತ್ತು, ಎರಡು ಸೀಟು ಖಾಲಿ ಇತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು ನಿಂತ ಮೇಲೆ ಮಾವನ ಮನಸ್ಸಿನ ಪ್ರಶ್ನೆ ಏಳಲಿಲ್ಲ. ಛತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಮೊದಲ ಸಾಲಿನಲ್ಲಿ ಕೂತು, ಅಕ್ಷತೆ ಹಿಡಿದರು. ಗಟ್ಟಿಮೇಳ ಮೊಳಗಿ, ಧಾರೆ ಮುಗಿದು, ಎಲ್ಲರೂ ಅಕ್ಷತೆ ಎರಚಿದರು. ಮಗಳ ತಂದೆ ಕಣ್ಣೊರೆಸಿಕೊಳ್ಳುತ್ತಾ ಮಂಟಪದಿಂದ ಇಳಿದವರು ಸೊಂಟಕ್ಕೆ ಸಿಕ್ಕಿಸಿದ್ದ ಫೋನು ತೆಗೆದು ನೋಡಿದರು. ಆಮೇಲೆ ಮಾವನನ್ನು ನೋಡಿದರು. ಮತ್ತೆ ಫೋನು ನೋಡಿದರು. ಸೀದಾ ಬಂದು ಮಾವನ ಹಣೆ ಮುಟ್ಟಿ, ‘ಭಾವ, ಜ್ವರ ಇಳಿದಿದೆ. ಏಳಿ, ಮೊದಲನೇ ಪಂಕ್ತಿಗೇ ಕೂರುವಿರಂತೆ’ ಅಂದರು. ಹೆಣ್ಣು ಹೆತ್ತ ತಂದೆಗೆ ಆ ಗಳಿಗೆಯಲ್ಲಿ ಇಷ್ಟು ಹಾಸ್ಯಪ್ರಜ್ಞೆ ಇದ್ದದ್ದು ದೊಡ್ಡ ಮಾತು. ಮಾವ ಚಿರೋಟಿಯನ್ನು ತಲೆ ಎತ್ತದೆ ತಿಂದರು. ಅತ್ತೆ ಮೂರು ದಿನ ಅವರಿಗೆ ಗಂಜಿಯನ್ನೇ ಬಡಿಸಿದರು, ಜ್ವರದ ಮನುಷ್ಯ ಅಂತ.

ಇಟ್ಟದ್ದನ್ನು ರದ್ದು ಮಾಡಲು ದಾರಿ ಇಲ್ಲದೆ ಏನಿಲ್ಲ. ಆ ಗಡಿಯಾರದ ಗುರುತನ್ನು ಮುಟ್ಟಿದರೆ ತಿದ್ದಬಹುದು, ಅಳಿಸಬಹುದು, ಈಗಲೇ ಕಳಿಸಲೂಬಹುದು. ಆದರೆ ಅಳಿಸಬೇಕೆಂದರೆ ಇಟ್ಟದ್ದು ನೆನಪಿರಬೇಕು. ನೆನಪಿಡಬಾರದೆಂದೇ ಅಲ್ಲವೇ ಮಾವ ಇಟ್ಟದ್ದು?

ಹೋದ ವರ್ಷ ಮಾವನಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ ನಿಶ್ಚಯವಾಯಿತು. ಆಮಂತ್ರಣ ಹಂಚುವ ಗಡಿಬಿಡಿಯಲ್ಲೇ ಮಾವ ಕೃತಜ್ಞತೆಯನ್ನೂ ಮುಗಿಸಿಬಿಟ್ಟರು. ‘ತಾವು ಕುಟುಂಬ ಸಮೇತ ಬಂದು, ಭೋಜನ ಸ್ವೀಕರಿಸಿ, ಹರಸಿದ್ದಕ್ಕೆ ಧನ್ಯವಾದಗಳು’ ಎಂದು ಅರವತ್ತು ಚಿಲ್ಲರೆ ಜನಕ್ಕೆ, ಶಾಂತಿಯ ಮರುದಿನ ಬೆಳಿಗ್ಗೆ 8:03ಕ್ಕೆ. ಅಷ್ಟರಲ್ಲಿ ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡು ಸೂತಕ ಬಂತು. ಶಾಂತಿ ಮುಂದಿನ ತಿಂಗಳಿಗೆ ಹೋಯಿತು. ಛತ್ರದವರಿಗೆ, ಪುರೋಹಿತರಿಗೆ, ಅಡುಗೆಯವರಿಗೆ ಫೋನು ಮಾಡಿದ್ದಾಯಿತು, ನೆಂಟರಿಗೆಲ್ಲ ಮಗಳು ತಿಳಿಸಿದ್ದೂ ಆಯಿತು. ಗಡಿಯಾರದ ಗುರುತುಗಳ ಸುದ್ದಿ ಯಾರೂ ಎತ್ತಲಿಲ್ಲ.

ನಡೆಯದ ಶಾಂತಿಯ ಮರುದಿನ 8:03ಕ್ಕೆ ನನಗೂ ಧನ್ಯವಾದ ಬಂತು. ಗಾಬರಿಯಾಗಿ ಮಾವನಿಗೆ ಫೋನು ಮಾಡಿದರೆ ಅವರಿಗೆ ಗಾಬರಿಯೇ ಇಲ್ಲ. ಅಷ್ಟು ಹೊತ್ತಿಗೆ ಬಂದ ಉತ್ತರಗಳನ್ನು ಒಂದೊಂದಾಗಿ ಓದಿ ಹೇಳಿದರು. ‘ನಿಮ್ಮ ಆಶೀರ್ವಾದ ಇರಲಿ’ ಎಂದು ಹಲವರು. ‘ಕಾರ್ಯ ಸಾಂಗವಾಗಿ ಆಯಿತು, ಸಂತೋಷ’ ಎಂದು ಕೆಲವರು. ‘ಜನ ಜಾಸ್ತಿ ಇದ್ದರು, ಮಾತಾಡಿಸಲು ಆಗಲಿಲ್ಲ, ತಪ್ಪು ತಿಳಿಯಬೇಡಿ’ ಎಂದು ತುಮಕೂರಿನವರು. ‘ಊಟ ಬಹಳ ಚೆನ್ನಾಗಿತ್ತು’ ಎಂದವರೇ ಏಳು ಮಂದಿ. ನಂಜನಗೂಡಿನ ಷಡ್ಡಕರು ಮಾತ್ರ ಹೋಳಿಗೆಗೆ ಬೆಲ್ಲ ಒಂದು ಕೈ ಹೆಚ್ಚಾಗಿತ್ತು ಎಂದು ಬರೆದಿದ್ದರು, ಶುದ್ಧ ಕನ್ನಡದಲ್ಲಿ.

ಮಾವ ಅವತ್ತೇ ಅಡುಗೆಯವರಿಗೆ ಫೋನು ಮಾಡಿ ಬೆಲ್ಲ ಕಡಿಮೆ ಹಾಕಲು ಹೇಳಿದರು.